ಕಾಯುವ ಆಟ, ಕಾಯದ ಆಟ

ನಮ್ಮಕ್ಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದವಳು. ಸೂಜಿ, ದಾರ, ಗೋಂದು ಬಿಟ್ಟರೆ ಬೇರೆ ಪ್ರಪಂಚವಿಲ್ಲ, ಅವಸರವೆಂದರೆ ಅವಳಿಗಾಗದು. ನಾನು ಲಿಫ್ಟ್ ರಿಪೇರಿಯವನು. ಎರಡು ನಿಮಿಷ ತಡವಾದರೆ ಜನ ಬೈಯುವ ಕಸುಬು. ತಾಳ್ಮೆ ನನಗೆ ಅಷ್ಟಕ್ಕಷ್ಟೆ.

ಮದುವೆ ಗಿದುವೆ ಎನ್ನದೆ ಒಂದೇ ಮನೆಯಲ್ಲಿ ಉಳಿದ ನಾವಿಬ್ಬರೂ ನಡುಮನೆಯ ಹಳೇ ಕಂಪ್ಯೂಟರಿನಲ್ಲಿ ಹನ್ನೊಂದು ವರ್ಷ ಬಾಹ್ಯಾಕಾಶದ ಸಾಮ್ರಾಜ್ಯ ಕಟ್ಟಿದೆವು. ಅದು ಸರದಿಯ ಆಟ. ಒಬ್ಬರು ನಡೆ ಮುಗಿಸುವವರೆಗೆ ಹಡಗು, ಗ್ರಹ ಎಲ್ಲ ನಿಂತಲ್ಲೇ ನಿಂತಿರುತ್ತವೆ. ಬೆಳಿಗ್ಗೆ ಅವಳು ತನ್ನ ನಡೆ ಮುಗಿಸಿ, ಕೀಬೋರ್ಡಿನ ಕೆಳಗೆ ‘ನಿನ್ನ ಸರದಿ’ ಎಂಬ ಚೀಟಿ ಇಟ್ಟು ಹೋಗುತ್ತಿದ್ದಳು. ಸಂಜೆ ನನ್ನದು. ಒಂದು ಆಟವನ್ನೂ ನಾನು ಗೆಲ್ಲಲಿಲ್ಲ. "ಲಿಫ್ಟ್‌ನೋರು ಮತ್ತೆ ಕೆಳಗಿಳಿದ್ರು" ಎಂದು ಪ್ರತಿಸಲ ರೇಗಿಸುತ್ತಿದ್ದಳು. ಮೇಲೆ ನಗುತ್ತಿದ್ದೆ, ಹೊಟ್ಟೆಯೊಳಗೆ ಉರಿ.

ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಸ್ವಾಧೀನಕ್ಕೆ ಬರಲಿಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತವಳು ಒಂದು ದಿನ, "ಹೊಸ ಆಟ ಯಾವುದಾದ್ರೂ ಹಾಕೋಣ್ವೇನೋ?" ಎಂದಳು.

ಎರಡು ಬಗೆ ಇದ್ದವು. ಒಂದು, ನಮ್ಮ ಹಳೆಯದರಂತೆ ಸರದಿಗೆ ಕಾಯುವಂಥದ್ದು. ಇನ್ನೊಂದು, ಯಾರಿಗೂ ಕಾಯದೆ ಓಡುತ್ತಲೇ ಇರುವ ಯುದ್ಧ. ಅವಳು ಕಂಪ್ಯೂಟರಿನಲ್ಲಿ, ನಾನು ನನ್ನ ಲ್ಯಾಪ್‌ಟಾಪಿನಲ್ಲಿ, ಕೈ ಚುರುಕಿದ್ದವರದೇ ಗ್ರಹ.

"ಎರಡನೇದೇ ಆಡೋಣ, ಈಗಿನ ಕಾಲದ್ದು" ಎಂದೆ. ಬಲಗೈ ಅವಳ ಮಡಿಲಲ್ಲಿ ಬಿದ್ದಿತ್ತು. ಅದನ್ನು ನೋಡಿಕೊಂಡೇ ಹೇಳಿದೆ.

"ನಿಂಗ್ಯಾವುದು ಇಷ್ಟವೋ ಅದೇ ಇರ್ಲಿ" ಎಂದಳು.

ಏಳು ಆಟ ಆಡಿದೆವು, ಏಳನ್ನೂ ಗೆದ್ದೆ. "ಪರವಾಗಿಲ್ವೋ, ಚುರುಕಾಗಿದೀಯ" ಎಂದು ಹೊಗಳಿದಳು. ನಾಚಿಕೆಗೆಟ್ಟವನು, ಹಿಗ್ಗಿಹೋದೆ.

ಮೊನ್ನೆ ಭಾನುವಾರ ಅವಳು ಪಕ್ಕದ ಮನೆಯವರ ಜೊತೆ ವಾಕಿಂಗ್ ಹೋಗಿದ್ದಳು. ಅವಳ ಕಂಪ್ಯೂಟರಿನಲ್ಲಿ ಆಟ ತೆರೆದೆ. ತೆರೆಯ ಮೇಲೆ ಅವಳ ಲೆಕ್ಕವಿತ್ತು, ಯಂತ್ರದ ಎದುರು ಅಭ್ಯಾಸ: ನೂರಾ ನಲವತ್ತಾರು ಯುದ್ಧ, ಅಷ್ಟೂ ಸೋಲು. ನಾನು ಕೆಲಸಕ್ಕೆ ಹೋದಾಗಲೆಲ್ಲ ಒಬ್ಬಳೇ ಕೂತು ಎಡಗೈಯಲ್ಲಿ ಆಡಿದ್ದಾಳೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅವಳು ವಾಪಸು ಬರುತ್ತಲೇ ಬಾಗಿಲಲ್ಲೇ ಹೇಳಿಬಿಟ್ಟೆ. "ಅಕ್ಕಾ, ನಿನ್ನ ಕೈ ಓಡಲ್ಲ ಅಂತ ಗೊತ್ತಿದ್ದೇ ಆ ಆಟ ಆರಿಸ್ದೆ. ಹೇಗಾದ್ರೂ ಗೆಲ್ಬೇಕಿತ್ತು."

"ಗೊತ್ತು ಕಣೋ" ಎಂದಳು, ಗೋಡೆ ಹಿಡಿದು ಚಪ್ಪಲಿ ಬಿಡುತ್ತ. "ಹನ್ನೊಂದು ವರ್ಷ ಸೋತಿದೀಯ, ಗೆಲ್ಲಲಿ ಬಿಡು ಅಂತ ಸುಮ್ನಿದ್ದೆ."

"ಮತ್ತೆ ಅಷ್ಟೊಂದು ಅಭ್ಯಾಸ ಯಾಕೆ ಮಾಡ್ದೆ?"

"ನಾನು ಒಂಚೂರಾದ್ರೂ ಎದುರು ನಿಲ್ಬೇಕಲ್ಲ, ಸುಮ್ಸುಮ್ನೆ ಗೆದ್ದೆ ಅಂತ ನಿಂಗೆ ಅನ್ನಿಸ್ಬಾರ್ದು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಳೇ ಆಟವನ್ನು ಮೊದಲಿಂದ ಶುರುಮಾಡಿ, ನನ್ನ ನಡೆ ಮುಗಿಸಿ, ಕೀಬೋರ್ಡಿನ ಕೆಳಗೆ ಚೀಟಿ ಇಟ್ಟೆ: ‘ನಿನ್ನ ಸರದಿ. ಎಷ್ಟು ಹೊತ್ತಾದರೂ ಆಗಲಿ.’

ಇವತ್ತು ಬುಧವಾರ, ಚೀಟಿ ಅಲ್ಲೇ ಇದೆ. ಕೇಳಲು ನನಗೆ ಮುಖವಿಲ್ಲ. ಕಾಯುತ್ತಿದ್ದೇನೆ.