ಗುಳಿಗೆ ನಿಲ್ಲಿಸಿದ ಮೇಲೆ

ಆಯಿಗೆ ಆ ಗುಳಿಗೆ ಬರೆದುಕೊಟ್ಟವಳು ನಾನೇ. ಅದರಲ್ಲಿ ಬೇರೆ ಯಾರ ತಪ್ಪೂ ಇಲ್ಲ.

ಆಗ ಖಾನಾಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಸಣ್ಣ ದವಾಖಾನೆ ಇತ್ತು. ಮನೆ ಬೆಳಗಾವಿಯ ಅನಗೋಳದಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಹೋಗಿ, ಸಂಜೆ ಬಸ್ಸಿಗೆ ಮರಳುತ್ತಿದ್ದೆ. ಆಯಿ ಎಂದು ನಾನು ಕರೆಯುತ್ತಿದ್ದುದು ಖಾನಾಪುರದಿಂದ ನಾಲ್ಕು ಮೈಲಿ ಆಚೆಗಿನ ಹಳ್ಳಿಯ ಒಬ್ಬ ಅಜ್ಜಿಯನ್ನು. ಹಿಂದೆ ಕುರಿ ಕಾಯುತ್ತಿದ್ದ ಮನೆತನ. ಮಗನ ಕಾಲಕ್ಕೆ ಕುರಿಗಳು ಹೋಗಿ, ಆತ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಕ್ಕೆ ಸೇರಿದ್ದ. ಆಯಿಯನ್ನು ನನ್ನ ಹತ್ತಿರ ಕರೆತಂದವಳು ಸೊಸೆ. ಆಯಿಯ ಕೈ ನಡುಗುತ್ತಿತ್ತು. ಚಹಾದ ಬಶಿ ಬಾಯಿಗೆ ಮುಟ್ಟುವುದರೊಳಗೆ ಅರ್ಧ ಸೀರೆಯ ಮೇಲೆ ಚೆಲ್ಲುತ್ತಿತ್ತು. ನಾನು ನಡುಕಕ್ಕೆಂದು ಪುಟ್ಟ ಬಿಳಿ ಗುಳಿಗೆ ಬರೆದೆ, ದಿನಕ್ಕೆ ಮೂರು. ಹದಿನೈದು ದಿನಕ್ಕೆ ಕೈ ಹತೋಟಿಗೆ ಬಂತು. ಬಶಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆಯೇ ಚಹಾ ಕುಡಿದು ತೋರಿಸಿ ಹೋದಳು. ಆಮೇಲೆ ಅವರು ಅದೇ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಗುಳಿಗೆ ಒಯ್ಯುತ್ತಿದ್ದರು. ಹೀಗೆ ಒಂದೂವರೆ ವರ್ಷವಾಯಿತು.

ಆ ಹೊತ್ತಿಗೆ ನಾನೊಂದು ಕೋರ್ಸಿಗೆ ಸೇರಿದ್ದೆ. ವಯಸ್ಸಾದವರ ಕಾಯಿಲೆಗಳ ಬಗ್ಗೆ ವೈದ್ಯರಿಗೂ ನರ್ಸ್‌ಗಳಿಗೂ ಇಂಟರ್‌ನೆಟ್ ಮೂಲಕ ಪಾಠ ಹೇಳುವ ಕೋರ್ಸು. ನಾವು ಕಾಲೇಜಿನಲ್ಲಿ ಮಕ್ಕಳ ಕಾಯಿಲೆಗಳನ್ನು ಒಂದು ಪೂರ್ತಿ ವಿಷಯವಾಗಿ ಓದಿದ್ದೆವು. ವಯಸ್ಸಾದವರ ಬಗ್ಗೆ ಹಾಗೆ ಏನೂ ಇರಲಿಲ್ಲ. ಅವರೂ ನಮ್ಮಂತೆಯೇ, ಸ್ವಲ್ಪ ಹಳಬರಾದವರು ಅಷ್ಟೇ ಎಂಬ ಲೆಕ್ಕ. ನನ್ನ ದವಾಖಾನೆಗೆ ಬರುವವರಲ್ಲಿ ಅರ್ಧದಷ್ಟು ಜನ ಅರವತ್ತು ದಾಟಿದವರು. ಹಾಗಾಗಿ ಗೆಳತಿಯೊಬ್ಬಳು ಹೇಳಿದ ಕೂಡಲೇ ಹೆಸರು ಹಚ್ಚಿದೆ.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬುಧವಾರ ಮಧ್ಯಾಹ್ನ ದವಾಖಾನೆ ಮುಚ್ಚಿ ನೆಹರು ನಗರದ ಒಂದು ಸೈಬರ್ ಕೆಫೆಗೆ ಹೋಗುತ್ತಿದ್ದೆ. ಪ್ಲೈವುಡ್ ಹಲಗೆಗಳ ಸಣ್ಣ ಗೂಡುಗಳು, ಸುತ್ತ ಕಾಲೇಜು ಹುಡುಗರು. ಕಿವಿಗೆ ತಾಗುವ ಕೀರಲು ದನಿ ಮಾಡಿ ಫೋನ್ ತಂತಿಯಲ್ಲಿ ಸಂಪರ್ಕ ಸಿಗುತ್ತಿತ್ತು. ಪಾಠದ ಪುಟ ಮೇಲಿನಿಂದ ಒಂದೊಂದೇ ಸಾಲಾಗಿ ಇಳಿದು ಬರುತ್ತಿತ್ತು. ನಾನು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಪಾಠ ಹೇಳುವವರು ಯಾವುದೋ ದೂರದ ಊರಿನ ಹಿರಿಯ ವೈದ್ಯರು. ಅವರ ಮುಖ ನಾನು ಕೊನೆಯವರೆಗೂ ನೋಡಲಿಲ್ಲ. ಪ್ರಶ್ನೆ ಕೇಳಿದರೆ ಇ-ಮೇಲಿನಲ್ಲಿ ಎರಡು ಸಾಲಿನ ಉತ್ತರ ಬರುತ್ತಿತ್ತು.

ಕೋರ್ಸು ಶುರುವಾದ ಎರಡನೇ ತಿಂಗಳಲ್ಲಿ ಆಯಿಯ ಸೊಸೆ ತನ್ನ ಜ್ವರಕ್ಕೆ ಔಷಧಿ ಕೇಳಲು ಬಂದಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಅತ್ತೆಯ ವಿಷಯ ತೆಗೆದಳು. ಅತ್ತೆಗೆ ಈಗ ಮಗನ ಗುರುತೇ ಹತ್ತುವುದಿಲ್ಲವಂತೆ. ಎದ್ದು ಹೊರಟರೆ ಹೊಲದ ಬದುವಿನ ತನಕ ಹೋಗಿಬಿಡುತ್ತಾಳಂತೆ. ಎರಡು ಸಲ ಬಿದ್ದಳಂತೆ. ಇನ್ನೇನಾದರೂ ಇದೆಯೇ ಎಂದು ಕೇಳಿದಾಗ ದನಿ ತಗ್ಗಿಸಿದಳು.

"ಬಾಯಾರ, ಒಂದ ಹುಡಿಗಿ ಬರ್ತಾಳಂತ್ರಿ. ದಿನಾ ಸಂಜೀ ಮುಂದ ಬಂದು ಗ್ವಾಡಿ ಬಾಜುಕ ಕುಂದರ್ತಾಳಂತ. ಅತ್ತಿ ಆಕಿಗೆ ಭಕ್ರಿ ಮುರದು ಇಡ್ತಾರ."

ದೇವರ ಹೇಳಿಕೆ ಹೇಳುವವನ ಹತ್ತಿರ ಹೋಗಿ ದಾರ ಕಟ್ಟಿಸಿಕೊಂಡು ಬಂದಿದ್ದರು. ಅದರಿಂದ ಏನೂ ಆಗಿರಲಿಲ್ಲ. ಮನೆಯ ಮಕ್ಕಳು ಆಯಿಯ ಕೋಣೆಗೆ ಹೋಗಲು ಅಂಜುತ್ತಿದ್ದವು. ನಾನು ಆಗ ಅವಳಿಗೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ವಯಸ್ಸಾತಲ್ಲ ಬೇ, ಇರೋದ" ಎಂದಿದ್ದೆ. ಹೊರಗೆ ಹತ್ತು ಜನ ಕಾಯುತ್ತಿದ್ದರು. ಯಾವ ಗುಳಿಗೆ ನಡೆದಿದೆ ಎಂದು ಕೂಡ ನಾನು ಕೇಳಲಿಲ್ಲ.

ಮೂರು ವಾರದ ನಂತರದ ಬುಧವಾರ ಬಂದ ಪಾಠ ಔಷಧಿಗಳದ್ದು. ವಯಸ್ಸಾದವರಿಗೆ ಕೊಡುವ ಮುನ್ನ ಹತ್ತು ಸಲ ಯೋಚಿಸಬೇಕಾದ ಔಷಧಿಗಳ ಪಟ್ಟಿ. ನಾನು ಬರೆದುಕೊಳ್ಳುತ್ತಾ ಹೋದೆ. ಅರ್ಧ ಪುಟ ಇಳಿದ ಮೇಲೆ ಆ ಬಿಳಿ ಗುಳಿಗೆಯ ಹೆಸರು ಬಂತು. ಅದರ ಮುಂದಿನ ಸಾಲು ಬರಲು ಸ್ವಲ್ಪ ಹೊತ್ತಾಯಿತು. ಗೊಂದಲ, ಮರೆವು, ಬಾಯಿ ಒಣಗುವುದು, ಬೀಳುವುದು. ಎದುರಿಗೆ ಇಲ್ಲದ ಜನ ಕಾಣುವುದು, ಹಲವು ಸಲ ಮಕ್ಕಳು.

ನಾನು ಪೆನ್ನು ಕೆಳಗಿಟ್ಟೆ. ಪಕ್ಕದ ಗೂಡಿನಲ್ಲಿ ಯಾರೋ ನಗುತ್ತಿದ್ದರು. ಆ ಹುಡುಗಿಯನ್ನು ಆ ಮನೆಗೆ ಕಳಿಸಿದವಳು ನಾನು ಎಂಬುದೊಂದೇ ತಲೆಯಲ್ಲಿತ್ತು. ಉಳಿದ ಪಾಠ ಓದದೆ ಎದ್ದೆ.

ಮರುದಿನ ದವಾಖಾನೆ ತೆರೆಯದೆ ನೇರ ಅವರ ಹಳ್ಳಿಗೆ ಹೋದೆ. ಸೆಗಣಿ ಸಾರಿಸಿದ ನೆಲ, ಮೂಲೆಯಲ್ಲಿ ಬೀಸುವ ಕಲ್ಲು. ಆಯಿ ಅದರ ಪಕ್ಕದಲ್ಲಿ ಕುಳಿತು ಗೋಡೆಯ ಕಡೆ ಮುಖ ಮಾಡಿ ಮರಾಠಿಯಲ್ಲಿ ಮೆಲ್ಲಗೆ ಏನೋ ಹೇಳುತ್ತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನಾನು ಹತ್ತಿರ ಕೂರಲು ಹೋದಾಗ ನನ್ನ ಮೊಣಕಾಲು ಹಿಡಿದು ತಡೆದಳು.

"ಸ್ವಲ್ಪ ಸರದ ಕುಂದರ ಬಾಯಿ. ಆಕಿ ಮ್ಯಾಲ ಕಾಲು ಬೀಳತೈತಿ."

ಅಲ್ಲಿ ಬರೀ ನೆಲವಿತ್ತು. ಒಂದು ತುಂಡು ಒಣಗಿದ ಜೋಳದ ಭಕ್ರಿ, ಅದರ ಸುತ್ತ ಇರುವೆ. ಸಂಜೆಯಾಗುವ ಮೊದಲೇ ಹುಡುಗಿ ಬಂದಿದ್ದಾಳೆಂದು ಸೊಸೆ ಬಾಗಿಲ ಹೊರಗೇ ನಿಂತಳು. ನಾನು ಸರಿದು ಕೂತೆ. ಯಾರು ಎಂದು ಕೇಳಲಿಲ್ಲ. ಬಂದದ್ದು ಗುಳಿಗೆ ನಿಲ್ಲಿಸಲು. ನನ್ನ ತಪ್ಪು ಆದಷ್ಟು ಬೇಗ ಸರಿಯಾಗಬೇಕಿತ್ತು.

ಒಮ್ಮೆಲೇ ನಿಲ್ಲಿಸುವ ಹಾಗಿರಲಿಲ್ಲ. ಮೂರರಿಂದ ಎರಡು, ಎರಡರಿಂದ ಒಂದು, ಆಮೇಲೆ ಅರ್ಧ. ಹೆಚ್ಚು ನೀರು ಕುಡಿಸಲು ಹೇಳಿದೆ. ನಾಲ್ಕನೇ ವಾರಕ್ಕೆ ಮಗ ತಾನೇ ದವಾಖಾನೆಗೆ ಬಂದ. ಅಂದು ಬೆಳಿಗ್ಗೆ ಅವ್ವ ತನ್ನನ್ನು ಹೆಸರು ಹಿಡಿದು ಕರೆದು, ಊಟದ ಡಬ್ಬಿ ಒಯ್ಯಲು ಮರೆಯಬೇಡ ಎಂದಳೆಂದು ಹೇಳುತ್ತ ಕಣ್ಣೊರೆಸಿಕೊಂಡ. ಕೈ ಮತ್ತೆ ನಡುಗುತ್ತಿತ್ತು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹುಡುಗಿ ಬರುವುದು ನಿಂತಿತ್ತು. ಮಕ್ಕಳು ಕೋಣೆಯಲ್ಲಿ ಮಲಗತೊಡಗಿದ್ದವು. ಮಗ ಒಂದು ಚೀಲ ಹಸಿ ಶೇಂಗಾ ಇಟ್ಟು ಹೋದ.

ಕೋರ್ಸಿನಲ್ಲಿ ಪ್ರತಿಯೊಬ್ಬರೂ ತಾವು ಕಂಡ ಒಬ್ಬ ರೋಗಿಯ ಬಗ್ಗೆ ಬರೆಯಬೇಕಿತ್ತು. ನಾನು ಆಯಿಯ ಬಗ್ಗೆ ಬರೆದೆ, ನನ್ನ ತಪ್ಪನ್ನೂ ಮುಚ್ಚಿಡದೆ. ಪಾಠ ಹೇಳುವ ವೈದ್ಯರು ಅದನ್ನು ಎಲ್ಲರಿಗೂ ಕಳಿಸಿದರು. ನಾನು ಹೆಸರು ಕೇಳಿರದ ಊರುಗಳ ನರ್ಸ್‌ಗಳು, ವೈದ್ಯರು ಮೆಚ್ಚಿ ಬರೆದರು. ಎರಡು ವಾರ ನಾನು ಹಿಗ್ಗಿನಲ್ಲಿಯೇ ಇದ್ದೆ.

ಆಮೇಲೆ ಒಂದು ದಿನ ಆಯಿ ಒಬ್ಬಳೇ ಬಸ್ ಹತ್ತಿ ಬಂದಳು. ಬೆಂಚಿನ ತುದಿಯಲ್ಲಿ ಕೂತು, ಪಾಳಿ ಬಂದಾಗೆಲ್ಲ ಹಿಂದಿನವರನ್ನು ಮುಂದೆ ಬಿಟ್ಟಳು. ಎಲ್ಲರೂ ಹೋದ ಮೇಲೆ ಒಳಗೆ ಬಂದು ನೆಲದ ಮೇಲೆ ಕೂತಳು. ಕುರ್ಚಿ ತೋರಿಸಿದರೂ ಏರಲಿಲ್ಲ.

"ಆಕಿನ್ನ ಎಲ್ಲಿ ಕಳಿಸಿದಿ ಬಾಯಿ?"

ಅದು ಗುಳಿಗೆಯಿಂದ ಕಾಣುತ್ತಿತ್ತು, ಖರೇ ಯಾರೂ ಇರಲಿಲ್ಲ ಎಂದು ನಾನು ಪಾಠದಲ್ಲಿ ಓದಿದ್ದನ್ನು ಅವಳ ಮಾತಿನಲ್ಲಿ ಬಿಡಿಸಿ ಹೇಳಿದೆ. ಆಯಿ ಪೂರ್ತಿ ಕೇಳಿಸಿಕೊಂಡಳು.

"ಸತ್ತಾಳಂತ ನನಗ ಗೊತ್ತಿಲ್ಲೇನ? ಮಣ್ಣು ಹಾಕಿದಾಕಿ ನಾನ" ಎಂದಳು.

ಹೇಳಿದ್ದು ಇಷ್ಟು. ಮಗ ಹುಟ್ಟುವುದಕ್ಕೆ ಬಹಳ ಮೊದಲು ಅವಳಿಗೊಂದು ಹೆಣ್ಣುಮಗು ಇತ್ತು, ಆರು ವರ್ಷದ್ದು. ಒಂದು ಬೇಸಿಗೆ ಗಂಡಹೆಂಡತಿ ಕುರಿ ಹಿಂಡಿನೊಂದಿಗೆ ಕಿತ್ತೂರಿನ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಹುಡುಗಿಗೆ ಜ್ವರ ಬಂತು. ಮೂರನೇ ದಿನ ಜೀವ ಹೋಯಿತು. ರಸ್ತೆಯ ಪಕ್ಕದಲ್ಲಿಯೇ ಮಣ್ಣು ಮಾಡಿದರು. ಮೇವು ಇಲ್ಲದ ಜಾಗ, ಹಿಂಡು ನಿಲ್ಲುವ ಹಾಗಿರಲಿಲ್ಲ. ಮರುದಿನ ಬೆಳಗಾಗುತ್ತಲೇ ಹಿಂಡು ಹೊಡೆದುಕೊಂಡು ಮುಂದೆ ನಡೆದರು. ಗಂಡ ಆ ಮಾತನ್ನು ಮತ್ತೆ ಎತ್ತಲಿಲ್ಲ, ಮುಂದೆ ಆ ದಾರಿ ಹಿಡಿಯಲೂ ಇಲ್ಲ. ಹುಟ್ಟಿದ ಮಗನಿಗೆ ಯಾರೂ ಹೇಳಲಿಲ್ಲ. ಆಯಿಗೆ ಕ್ರಮೇಣ ಹುಡುಗಿಯ ಮುಖವೇ ಮರೆತುಹೋಯಿತು. ನನ್ನ ಗುಳಿಗೆ ಶುರುವಾದ ಮೇಲೆ ಅದು ಮರಳಿ ಬಂತು.

"ಹಿಂದ ತಿರುಗಿ ನೋಡಲಾರದ ಬಿಟ್ಟ ಬಂದೀವಿ. ಸಿಟ್ಟ ಇರಬೇಕಂತ ತಿಳದಿದ್ನಿ. ಆದರ ಆಕಿಗೆ ಸಿಟ್ಟ ಇರಲಿಲ್ಲ ಬಾಯಿ. ಬಂದು ಸುಮ್ಮನ ಬಾಜುಕ ಕುಂದರ್ತಿದ್ಲು."

ಆಯಿ ಸೆರಗಿನ ಗಂಟು ಬಿಚ್ಚಿ ಹಳೆಯ ಚೀಟಿ ತೆಗೆದಳು. ನನ್ನದೇ ಅಕ್ಷರ, ಮಡಿಕೆಗಳಲ್ಲಿ ಹರಿದಿತ್ತು. ಈ ಚೀಟಿಗೆ ಗುಳಿಗೆ ಕೊಡಬೇಡ ಎಂದು ಔಷಧಿ ಅಂಗಡಿಯವನಿಗೆ ನಾನು ಹೇಳಿಟ್ಟಿದ್ದೆ, ಆತ ಕೊಟ್ಟಿರಲಿಲ್ಲ.

"ದಿನಾ ಬ್ಯಾಡ. ಎಂಟು ದಿನಕ್ಕೊಂದ ಕೊಡು."

ನಾನು ಕೊಡಲಿಲ್ಲ. ಬಿದ್ದು ಎಲುಬು ಮುರಿದರೆ ಏನು ಗತಿ ಎಂದೆ, ಮಗನ ಗುರುತು ಮತ್ತೆ ಹತ್ತದಂತಾಗುತ್ತದೆ ಎಂದೆ. ಎಲ್ಲವೂ ನಿಜವೇ. ಆಯಿ ವಾದ ಮಾಡಲಿಲ್ಲ. ಚೀಟಿಯನ್ನು ಮತ್ತೆ ಮಡಚಿ ಗಂಟು ಕಟ್ಟಿಕೊಂಡು, ಗೋಡೆ ಹಿಡಿದು ಎದ್ದು ಹೋದಳು. ಬಸ್ಸಿನವರೆಗೂ ಹೋಗಿ ಹತ್ತಿಸಿ ಬಂದೆ. ಕಿಟಕಿಯಿಂದ ನನ್ನ ಕಡೆ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ನಾನು ಎಂದೂ ನೋಡಿರದ ಆ ಹುಡುಗಿ, ಎರಡು ಸಲ ರಸ್ತೆಯಲ್ಲಿ ಬಿಟ್ಟುಬಂದ ಮಗುವಿನಂತೆ ನನ್ನ ಜೊತೆ ಓಡಾಡುತ್ತಿದ್ದಳು. ಮೊದಲ ಸಲ ಬಿಟ್ಟವರು ಅವರು, ಎರಡನೇ ಸಲ ನಾನು. ಗಾಡಿಯಲ್ಲಿ ಎದುರಿಗೆ ಯಾವುದಾದರೂ ಆರು ವರ್ಷದ ಮಗು ಕೂತರೆ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಕೊನೆಗೆ ಆ ದೂರದ ವೈದ್ಯರಿಗೆ ಎಲ್ಲ ಬರೆದು ಕೇಳಿದೆ. ಉತ್ತರ ಬರಲು ಎರಡು ವಾರ ಹಿಡಿಯಿತು. ನೀವು ಮಾಡಿದ್ದು ಸರಿ, ಉಳಿದದ್ದಕ್ಕೆ ನಮ್ಮಲ್ಲಿ ಪಾಠವಿಲ್ಲ, ಹೋಗಿ ಅವರ ಮಾತು ಕೇಳಿ ಎಂದಷ್ಟೇ ಇತ್ತು.

ಹೋದೆ. ಶನಿವಾರ ಮಧ್ಯಾಹ್ನ ಹೋಗಿ ಅರ್ಧ ತಾಸು ಕೂತು ಬರುತ್ತಿದ್ದೆ. ಮೊದಲೆರಡು ಸಲ ಆಯಿ ಮಾತಾಡಲಿಲ್ಲ. ಮೂರನೇ ಸಲ, ಹುಡುಗಿಗೆ ಕುರಿಮರಿ ಹೆಗಲ ಮೇಲೆ ಹೊತ್ತು ನಡೆಯುವುದೆಂದರೆ ಬಹಳ ಸೇರುತ್ತಿತ್ತು ಎಂದಳು. ಆಮೇಲೆ, "ಮಾರಿ ಮತ್ತ ನೆಪ್ಪ ಹಾರೇತಿ" ಎಂದಳು. ಆ ಮುಖ ಅವಳಿಗೆ ಮತ್ತೆ ಮರೆತುಹೋಗಿತ್ತು. ಅಂದು ಸೊಸೆಯೂ ಬಂದು ಕೂತು ಕೇಳಿದಳು. ಅಂದು ಸಂಜೆಯೇ ಗಂಡನಿಗೆ ಹೇಳಿದಳಂತೆ. "ನನಗೊಬ್ಬಾಕಿ ಅಕ್ಕ ಇದ್ಲೇನ?" ಎಂದು ಆತ ತಾಯಿಯ ಮುಂದೆ ಕೂತು ಕೇಳಿದನಂತೆ.

ಆ ಜಾಗ ನೋಡಬೇಕೆಂದು ಆಯಿ ಕೇಳಿದಳು. ಒಂದು ಭಾನುವಾರ ಮಗ ಜೀಪು ಗೊತ್ತು ಮಾಡಿದ. ನಾನೂ ಹೋದೆ. ಕಿತ್ತೂರಿನ ದಾರಿ ಅಗಲವಾಗಿತ್ತು. ಗುರುತಿಗೆಂದು ಅವಳು ನೆನಪಿಟ್ಟುಕೊಂಡಿದ್ದ ಜಾಲಿಮರ ಇರಲಿಲ್ಲ. ಒಂದು ಕಡೆ ಇಳಿದಳು, ಸುತ್ತ ನೋಡಿ ತಲೆಯಾಡಿಸಿದಳು. ಮತ್ತೆ ಒಂದು ಮೈಲಿ ಮುಂದೆ. ಅಲ್ಲಿಯೂ ಅಲ್ಲ. ಮೂರನೇ ಕಡೆ ಡಾಂಬರಿನ ಅಂಚಿನಲ್ಲಿ ಬಿಸಿಲಲ್ಲಿ ನಿಂತೇ ಇದ್ದಳು. ಲಾರಿಗಳು ಹಾದುಹೋಗುತ್ತಿದ್ದವು. ಮಗ ಮುಂದೆ ಹೋಗೋಣವೇ ಎಂದು ಕೇಳಿದ.

"ಇಲ್ಲೇ ಅಂತ ತಿಳೀರಿ" ಎಂದಳು ಆಯಿ.

ಮಗ ಬರಿಗೈಯಲ್ಲಿ ಸ್ವಲ್ಪ ನೆಲ ಹಸನು ಮಾಡಿದ. ಆಯಿ ತಂದಿದ್ದ ಭಕ್ರಿಯನ್ನು ಮುರಿದು ಇಟ್ಟು, ಅದರ ಮೇಲೆ ನೀರು ಬಿಟ್ಟಳು. ಕೈ ನಡುಗಿ ನೀರು ಅತ್ತಿತ್ತ ಚೆಲ್ಲಿತು. ನಾನು ಹಿಡಿಯಲು ಹೋಗಲಿಲ್ಲ. ಮರಳುವಾಗ ಆಕೆ ನಾಲ್ಕೈದು ಸಲ ಹಿಂದೆ ತಿರುಗಿ ನೋಡಿದಳು.

ಅದಾದ ಮೇಲೆ ಎರಡು ವರ್ಷ ಇದ್ದಳು. ಕೊನೆಯವರೆಗೆ ತಲೆ ಸ್ಪಷ್ಟವಾಗಿತ್ತು, ಒಮ್ಮೆಯೂ ಬೀಳಲಿಲ್ಲ. ಕೋರ್ಸಿನ ಪ್ರಮಾಣಪತ್ರ ಅಂಚೆಯಲ್ಲಿ ಬಂದಿತ್ತು. ಅದನ್ನು ಗೋಡೆಗೆ ಹಾಕಲು ಮನಸ್ಸಾಗದೆ ಕಪಾಟಿನಲ್ಲಿಟ್ಟೆ. ಆ ಗುಳಿಗೆಯನ್ನು ಆಮೇಲೆ ನಾನು ಬೇರೆ ಹಲವರಿಗೆ ಬಿಡಿಸಿದ್ದೇನೆ. ಬಿಡಿಸುವ ಮೊದಲು ಯಾರು ಬರುತ್ತಾರೆಂದು ಕೇಳುತ್ತೇನೆ. ಹೆಚ್ಚಿನವರು ಅಂಜಿಕೆಯ ಸಂಗತಿಗಳನ್ನೇ ಹೇಳಿದ್ದಾರೆ. ಅವರಿಗೆ ಬಿಡುಗಡೆಯಾದದ್ದನ್ನು ಕಂಡು ನನಗೂ ಸಮಾಧಾನವಾಗಿದೆ.

ಆಯಿ ತೀರಿಕೊಂಡ ಐದನೇ ದಿನ ಮಾತಾಡಿಸಲು ಹೋಗಿದ್ದೆ. ಕೊನೆಯ ರಾತ್ರಿ ಉಸಿರು ಕಟ್ಟುತ್ತಿದ್ದರೂ ಅತ್ತೆ ಮನೆಯವರೆಲ್ಲರನ್ನೂ ಒಬ್ಬೊಬ್ಬರಾಗಿ ಗುರುತು ಹಿಡಿದಳು, ಆದರೆ ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು ಎಂದು ಸೊಸೆ ಹೇಳಿದಳು.

"ಬಾಯಾರ, ಕಡೀಕ ಒಂದ ಸಲ ಆ ಗುಳಿಗಿ ಕೊಡಬಹುದಿತ್ತೇನ್ರಿ?"

ಇಲ್ಲ, ಒಂದು ಗುಳಿಗೆಯಿಂದ ಹಾಗೆ ಬರುವುದಿಲ್ಲ, ಉಸಿರಿಗೆ ತೊಂದರೆ ಇದ್ದಾಗ ಕೊಡುವಂಥದ್ದೂ ಅಲ್ಲ ಎಂದೆ. ಪಾಠದ ಪ್ರಕಾರ ಅದೇ ಸರಿಯಾದ ಉತ್ತರ. ಆಕೆ ಹೌದೆಂಬಂತೆ ತಲೆಯಾಡಿಸಿ, ಚಹಾ ಇಡಲು ಒಳಗೆ ಹೋದಳು.