ಸೀಲಿಂಗಿನ ಮೇಲಿನ ಕೊಂಡಿ

ಕುಷ್ಟಗಿಯ ನಮ್ಮ ಅಕ್ಕನ ಮನೆ ಹಳೆಯದು. ಸಾಗವಾನಿ ತೊಲೆ, ಮೇಲೆ ಮಣ್ಣಿನ ಮಾಳಿಗೆ. ನಡುಮನೆಯ ತೊಲೆಗೆ ಒಂದು ಕಬ್ಬಿಣದ ಕೊಂಡಿಯಿದೆ. ಆ ಮನೆಯ ಕೂಸುಗಳ ತೊಟ್ಟಿಲನ್ನೆಲ್ಲ ಅದಕ್ಕೇ ತೂಗುಬಿಟ್ಟದ್ದು. ಕಳೆದ ವರ್ಷ, ಮಣ್ಣು ಉದುರುತ್ತದೆಂದು ಅಕ್ಕನ ಗಂಡ, ನಮ್ಮ ಮಾವ, ಫಾಲ್ಸ್ ಸೀಲಿಂಗ್ ಹಾಕಿಸಿದರು. ತೊಲೆ, ಕೊಂಡಿ ಎರಡೂ ಅದರ ಮೇಲೆ ಮರೆಯಾದವು.

ನಾನು ಕೊಪ್ಪಳದಲ್ಲಿ ವೈರಿಂಗ್ ಕೆಲಸ ಮಾಡುವವನು. ಆ ಮನೆಯ ವೈರಿಂಗೂ ನನ್ನದೇ. ಸೀಲಿಂಗಿನ ದೀಪ ಮಾತ್ರ ಸೀಲಿಂಗಿನವರೇ ಹಾಕಿಕೊಂಡರು. ಆಗಲೇ ಫೋನಿನಲ್ಲಿ ಬಡಕೊಂಡಿದ್ದೆ.

“ಮಾವಾ, ಸೀಲಿಂಗ್ ಮ್ಯಾಲ ಪ್ಲಗ್ ಬೋರ್ಡ್ ಇಡಾಕ ಬಿಡಬ್ಯಾಡ್ರಿ. ವೈರ್ ಪೈಪಿನ್ಯಾಗ ಹೋಗಬೇಕು. ಜಾಯಿಂಟ್ ಮುಚ್ಚಳ ಇರೋ ಡಬ್ಬಿಯೊಳಗ ಇರಬೇಕು. ಆ ಡಬ್ಬಿಗೆ ಕೈ ಹೋಗಾಕ ಒಂದು ಕಿಂಡಿ ಬಿಡಬೇಕು.”

“ಆತೇಳೋ ಮಾರಾಯಾ, ಸಾಕ್ಮಾಡು ನಿನ್ನ ಪುರಾಣ” ಎಂದು ನಕ್ಕಿದ್ದರು.

ಈ ವರ್ಷ ಅಕ್ಕನ ಮಗಳಿಗೆ ತವರಿನಲ್ಲಿ ಚೊಚ್ಚಲ ಹೆರಿಗೆಯಾಯಿತು. ಕೂಸನ್ನು ತೊಟ್ಟಿಲಲ್ಲಿ ಹಾಕಿ ಹೆಸರಿಡುವ ದಿನ, ಸೋದರಮಾವನ ಉಡುಗೊರೆಯೆಂದು ಕಬ್ಬಿಣದ ಸರಪಳಿಯ ತೊಟ್ಟಿಲು ಹೊತ್ತುಕೊಂಡು ಹೋದೆ. ಮಾವ ಆಗಲೇ ಕೊಂಡಿಯ ಕೆಳಗೆ ಸೀಲಿಂಗನ್ನು ಅಂಗೈಯಗಲ ಕೊಯ್ದಿದ್ದರು. ಆ ತೂತಿನಿಂದ ಹಳೇ ಸೀರೆಯ ಜೋಳಿಗೆ ತೂಗುತ್ತಿತ್ತು.

ಸೀರೆ ಬಿಚ್ಚಿ ಸರಪಳಿ ಹಾಕೋಣವೆಂದು ಏಣಿ ಹತ್ತಿದೆ. ಮುಟ್ಟುವ ಮುಂಚೆ ಟೆಸ್ಟರ್ ಇಡುವುದು ನನಗೆ ಕೈಗಂಟಿದ ಚಟ. ಕೊಂಡಿಗೆ ಇಟ್ಟೆ. ಟೆಸ್ಟರ್ ಕೆಂಪಗೆ ಹತ್ತಿಕೊಂಡಿತು. ಮರದ ತೊಲೆಯ ಕೊಂಡಿಗೆ ಎಲ್ಲಿಯ ಕರೆಂಟು? ಮತ್ತೆ ಇಟ್ಟೆ, ಮತ್ತೆ ಹತ್ತಿತು.

“ಯಾರೂ ಜೋಳಿಗಿ ಮುಟ್ಟಬ್ಯಾಡ್ರಿ! ಮೇನ್ ತಗೀರಿ!” ಎಂದು ಕಿರುಚಿದೆ.

ಮೇನ್ ತೆಗೆಸಿ, ತೂತು ದೊಡ್ಡದು ಮಾಡಿ ಟಾರ್ಚ್ ಬಿಟ್ಟರೆ ಎದುರಿಗೇ ಸೀಲಿಂಗ್ ದೀಪಗಳ ಪ್ಲಗ್ ಬೋರ್ಡು. ಅದನ್ನು ಅದರದೇ ವೈರಿನಿಂದ ಕೊಂಡಿಗೆ ಸುತ್ತಿ ನೇತುಹಾಕಿದ್ದರು. ಇಲಿ ಕಡಿದು ವೈರಿನ ತಾಮ್ರ ಹೊರಬಿದ್ದು ಕೊಂಡಿಗೆ ತಾಗಿತ್ತು. ಬೋರ್ಡಿನ ಪಕ್ಕ ತೊಲೆ ಅಂಗೈಯಷ್ಟು ಕರ್ರಗಾಗಿತ್ತು. ಸೀಲಿಂಗಿನವನಿಗೆ ಫೋನ್ ಹಚ್ಚಿದರೆ, “ಅಲ್ಲಿ ಯಾರ ಕೈ ಹೋಗ್ತೈತ್ರಿ ಅಣ್ಣಾ?” ಎಂದ. ಸಿಟ್ಟಿನಲ್ಲಿ ಫೋನ್ ಕಟ್ ಮಾಡಿದೆ.

“ಜೋಳಿಗಿ ಯಾವಾಗ ಕಟ್ಟಿದ್ರಿ?” ಎಂದು ಅಕ್ಕನನ್ನು ಕೇಳಿದೆ.

“ಮುಂಜಾನಿ. ಕರೆಂಟ್ ಹೋಗಿತ್ತಲ್ಲೋ ತಮ್ಮಾ, ಫ್ಯಾನ್ ಇಲ್ದ ಕೂಸು ಅಳಾಕ ಹತ್ತಿತ್ತು. ನಿಮ್ಮ ಮಾವ ಆಗ ಕೊಯ್ದು ಕಟ್ಟಿದ್ರು. ಕರೆಂಟ್ ಬಂದಮ್ಯಾಲೂ ಕೂಸು ಮಲಗೇ ಇತ್ತು. ಒದ್ದಿ ಮಾಡ್ಕೊಂಡು ಅತ್ತಾಗ ಎತ್ಕೊಂಡೆ.”

ಹಾಗೆನ್ನುತ್ತಲೇ ಅಕ್ಕ ಜೋಳಿಗೆಯ ತಳ ಹಿಡಿದು ನೋಡಿದಳು. ಇನ್ನೂ ಹಸಿಯಿತ್ತು. ಅವಳ ಕೈ ಅಲ್ಲೇ ನಿಂತುಬಿಟ್ಟಿತು. ಮಾವ ಗೋಡೆ ಹಿಡಿದು ಕೆಳಗೆ ಕುಳಿತರು. ಸೀರೆಯ ಮೇಲಿನ ಭಾಗ ಒಣಗಿಯೇ ಇದ್ದುದಕ್ಕೆ ಕರೆಂಟು ಕೆಳಗಿಳಿಯದೆ ಆ ಜೀವ ಉಳಿದಿತ್ತು.

ಬೋರ್ಡು, ವೈರು ಎಲ್ಲ ಕಿತ್ತೊಗೆದೆ. ಮೇನ್ ಹಾಕಿಸಿ, ಕೊಂಡಿಗೆ ಮತ್ತೆ ಮತ್ತೆ ಟೆಸ್ಟರ್ ಇಟ್ಟು ನೋಡಿದೆ. ಏನೂ ಇರಲಿಲ್ಲ. ಆದರೂ ಮೇನ್ ತೆಗೆಸಿಯೇ ತೊಟ್ಟಿಲು ತೂಗುಬಿಟ್ಟೆ. ನಮ್ಮಲ್ಲಿ ಮೊದಲು ಕುಪ್ಪಸದ ಬಟ್ಟೆ ಸುತ್ತಿದ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಿ, ಆಮೇಲೆ ಕೂಸನ್ನು ಮಲಗಿಸುತ್ತಾರೆ. ಮುತ್ತೈದೆಯರು ಕಲ್ಲಿಟ್ಟು ತೂಗಿದರು. ನಾಲ್ಕೂ ಕಡೆ ಸರಪಳಿ ಹಿಡಿದಿದ್ದ ಆ ಕೈಗಳನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ.

“ಇನ್ನ ಕೂಸಿನ ಕೊಡವಾ” ಎಂದರು ಯಾರೋ.

ಅಕ್ಕ ಕೊಡಲಿಲ್ಲ. “ಏನೂ ಆಗಂಗಿಲ್ಲಕ್ಕಾ, ನಾ ನೋಡೀನಿ” ಎಂದೆ. ಅವಳು ಕೂಸನ್ನು ಇನ್ನಷ್ಟು ಎದೆಗವಚಿಕೊಂಡಳು.

“ನೀ ನೋಡಿದಿ ಖರೆ. ಆದ್ರೂ ಇವತ್ತ ಕಲ್ಲ ಮಲಗ್ಲಿ ಬಿಡೋ ತಮ್ಮಾ.”

ಕೂಸಿಗೆ ಅವಳ ತೊಡೆಯ ಮೇಲೆಯೇ ಹೆಸರಿಟ್ಟರು.