ಮೂಟೆ ದಬ್ಬುವ ಆಟ

ನಿನ್ನೆ ಯರಗಟ್ಟಿ ಬಸ್ಸಿನಲ್ಲಿ ಪಕ್ಕದ ಹಿರಿಯರೊಬ್ಬರು ನನ್ನ ಮೊಬೈಲಿನೊಳಗೆ ಇಣುಕಿ, "ಚಲೋ ಐತೇನ್ರಿ ಆಟ?" ಎಂದು ಕೇಳಿದರು. "ಭಾಳ ಚಲೋ ಐತ್ರಿ" ಎಂದಷ್ಟೇ ಹೇಳಿದೆ. ಯಾಕೆ ಚಲೋ ಎಂದು ಹೇಳಹೊರಟಿದ್ದರೆ ಅವರು ಇಳಿಯುವ ಊರು ದಾಟಿ ಹೋಗುತ್ತಿತ್ತು. ನಿಮಗೆ ಅಂಥ ಅವಸರವಿಲ್ಲವಲ್ಲ, ಕೇಳಿ.

ಆಟ ಬಹಳ ಸಾದಾ. ಒಂದು ಗೋದಾಮು, ಒಳಗೆ ಬೆರಳ ತುದಿಯಷ್ಟು ಒಬ್ಬ ಮನುಷ್ಯ. ಅವನು ಮೂಟೆಗಳನ್ನು ಗುರುತು ಹಾಕಿದ ಜಾಗಕ್ಕೆ ಸೇರಿಸಬೇಕು. ದಬ್ಬಬಹುದು, ಎಳೆಯುವಂತಿಲ್ಲ. ಮೂಲೆಗೆ ಹೋದ ಮೂಟೆ ಕೆಟ್ಟಿತೆಂದೇ ಲೆಕ್ಕ. ಆದರೆ ಕೆಳಗೊಂದು ಬಾಣದ ಗುರುತಿದೆ, ಒತ್ತಿದಷ್ಟೂ ಹಿಂದಕ್ಕೆ ಹೋಗಬಹುದು. ಜಾಹೀರಾತಿಲ್ಲ, ಗಡಿಯಾರದ ಬೆದರಿಕೆಯಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ಟೂ ಬೇಡ. ಬೆಲೆ ಒಂದು ಪ್ಲೇಟು ಮಿರ್ಚಿ ಭಜಿಗಿಂತ ಕಡಿಮೆ. ಬೈಲಹೊಂಗಲದ ನನ್ನ ಅರಿವೆ ಅಂಗಡಿಗೆ ಬಂದು, ಕಪಾಟಿನ ಸೀರೆಯನ್ನೆಲ್ಲ ಬಿಚ್ಚಿಸಿ ಬರಿಗೈಲಿ ಹೋಗುವವರನ್ನು ಮನಸ್ಸಿನಲ್ಲೇ ಬೈಯುವ ನಾನು, ಇಷ್ಟು ಅಗ್ಗದ ಆಟ ಕೊಳ್ಳಲು ಇಡೀ ಮಧ್ಯಾಹ್ನ ಹಿಂದೆ ಮುಂದೆ ನೋಡಿದ್ದೆ.

ಕೊಂಡ ಕೆಲವೇ ದಿನಕ್ಕೆ ಅವ್ವನಿಗೆ ಹೊಟ್ಟೆನೋವು ಬಂತು. ಕರುಳು ತಿರುಚಿಕೊಂಡಿದೆ, ಕೂಡಲೇ ಕೊಯ್ಯಬೇಕು ಎಂದರು ನಮ್ಮೂರ ಆಸ್ಪತ್ರೆಯ ಡಾಕ್ಟರು. ಸಂಗೊಳ್ಳಿಯಲ್ಲಿರುವ ಅಣ್ಣನಿಗೆ ನನ್ನ ಹೆಂಡತಿಯೇ ಫೋನು ಮಾಡಿದಳು. ನಾನೂ ಅಣ್ಣನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಆಸ್ತಿ ಪಾಲಾದಾಗ ಅವ್ವ ನನ್ನ ಜೊತೆ ಬಂದಿದ್ದಳು. ನಾನೇ ಅವಳ ಕಿವಿ ಊದಿ ಕರಕೊಂಡು ಬಂದೆನೆಂದು ಅಣ್ಣ ನಂಬಿದ್ದ. ಇಲ್ಲವೆಂದು ಹೇಳಲು ನನ್ನ ಬಿಗುಮಾನ ಬಿಡಲಿಲ್ಲ.

ಅಣ್ಣ ತನ್ನ ಹೆಂಡತಿಯನ್ನು, ಅಂದರೆ ನನ್ನ ವೈನಿಯನ್ನು, ಕರಕೊಂಡು ಬಂದ. ನನ್ನ ಕಡೆ ನೋಡಲಿಲ್ಲ. ಬೆಳಗಾವಿಯಿಂದ ರಕ್ತ ತರಬೇಕು ಎಂದು ನರ್ಸು ಹೇಳಿದ್ದೇ ತಡ, ಬಂದ ಗಾಡಿಯಲ್ಲೇ ಹೊರಟುಹೋದ. ಕಾಯುವ ಹಾಗಿಲ್ಲ ಎಂದು ಅವ್ವನನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ನನ್ನ ಹೆಂಡತಿ ಔಷಧಿ ತಂದುಕೊಟ್ಟು, ಮಕ್ಕಳನ್ನು ನೋಡಿಕೊಳ್ಳಲು ಮನೆಗೆ ಹೋದಳು. ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಬಾಯಿಗೆ ಸೆರಗು ಒತ್ತಿಕೊಂಡ ವೈನಿ.

ಕೈಗೊಂದು ಕೆಲಸ ಕೊಡಬೇಕೆಂದು ಆಟ ತೆರೆದೆ. ಎತ್ತ ದಬ್ಬುತ್ತಿದ್ದೇನೆಂಬ ಖಬರಿರಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲೇ ದನಿ ಕೇಳಿತು.

"ಆ ಮೂಲ್ಯಾಗ ದಬ್ಬಬ್ಯಾಡ್ರಿ. ಸಿಕ್ಕೊಂಡಬಿಡತೈತಿ."

ವೈನಿ ಯಾವಾಗ ಹತ್ತಿರ ಸರಿದಿದ್ದರೋ. ನಾನು ದಬ್ಬಿಯಾಗಿತ್ತು.

"ಹಿಂದಕ ತರಾಕ ಬರತೈತೇನ್ರಿ?"

"ಬರತೈತ್ರಿ ವೈನಿ. ಇದನ್ನ ಒತ್ತರಿ."

ಮೊಬೈಲು ಅವರ ಕೈಗೆ ಕೊಟ್ಟೆ. ಅವರು ಒಂದೊಂದೇ ಹೆಜ್ಜೆ ಹಿಂದಕ್ಕೆ ತಂದು, ತುಟಿ ಕಚ್ಚಿಕೊಂಡು ಮತ್ತೆ ದಬ್ಬತೊಡಗಿದರು. ಹೀಗೇ ಎರಡು ತಾಸು ಕಳೆದಿರಬೇಕು, ಬಾಗಿಲು ತೆರೆಯಿತು. "ರಕ್ತ ಬಂತೇನ್ರಿ? ಲಗೂನ ಬೇಕ್ರಿ," ಎಂದು ನರ್ಸು ಮತ್ತೆ ಒಳಹೋದಳು. ಆಗಲೇ ವೈನಿಯ ಕೈಯಲ್ಲಿದ್ದ ನನ್ನ ಮೊಬೈಲು ಹೊಡೆದುಕೊಂಡಿತು. ಪರದೆಯ ಮೇಲೆ 'ಅಣ್ಣ' ಎಂದು ಬಂತು.

"ನನ್ನ ಫೋನಿನ ಚಾರ್ಜ್ ಮುಗದೈತ್ರಿ, ಅದಕ್ಕ ನಿಮ್ಮ ಫೋನಿಗೆ ಹಚ್ಚ್ಯಾರ," ಎಂದರು ವೈನಿ. ತಾವು ಎತ್ತಲಿಲ್ಲ. ನನ್ನ ಕೈಗಿಟ್ಟು, "ನೀವ ಮಾತಾಡ್ರಿ" ಎಂದರು.

ಎತ್ತಿದೆ. ಆ ಕಡೆ ಬರೀ ಗಾಡಿಗಳ ಹಾರ್ನ್ ಸದ್ದು.

"ಅವ್ವ ಹೆಂಗದಾಳ?"

"ಒಳಗದಾಳ. ನೀ ಎಲ್ಲಿದ್ದಿ?"

"ರಕ್ತ ತಗೊಂಡು ಸಂಪಗಾಂವತನಕ ಬಂದೇನಿ. ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲಾಗಿ ನಿಂತಾವು." ಅವನ ದನಿ ಒಡೆಯಿತು. "ಹೊತ್ತಿಗಿ ಬಂದ್ ಮುಟ್ಟತೇನಿಲ್ಲೋ..."

"ಮುಟ್ಟತಿ. ಹುಷಾರ ಬಾ ಅಣ್ಣಾ."

ಆ ಮಾತು ನನ್ನ ಬಾಯಿಂದ ಬಂದುದಕ್ಕೆ ನನಗೇ ಆಶ್ಚರ್ಯ.

ಅಣ್ಣ ಹೊತ್ತಿಗೆ ಬಂದು ಮುಟ್ಟಿದ. ರಕ್ತದ ಚೀಲವಿದ್ದ ಥರ್ಮಾಕೋಲಿನ ಡಬ್ಬಿಯನ್ನು ನರ್ಸಿನ ಕೈಗಿಟ್ಟು ತಿರುಗಿದವನಿಗೆ ಕಂಡದ್ದು ಹೆಂಡತಿಯ ಕೈಗೆ ಮತ್ತೆ ಬಂದಿದ್ದ ನನ್ನ ಮೊಬೈಲು, ಅದರೊಳಗಿನ ಆಟ. ಒಮ್ಮೆಲೇ ಕೆರಳಿದ.

"ಅವ್ವ ಒಳಗ ಹಂಗ ಬಿದ್ದಾಳ, ಇಲ್ಲಿ ಕುಂತು ಆಟ ಆಡಾಕ ಹತ್ತೀರೇನ?"

ನಾನು ತಲೆ ತಗ್ಗಿಸಿದೆ. ವೈನಿ ತಗ್ಗಿಸಲಿಲ್ಲ.

"ಹೌದ್ರಿ. ಆಡದಿದ್ರ ಇಬ್ರೂ ಅಳತಿದ್ವಿ."

ಅಣ್ಣ ನಮ್ಮಿಬ್ಬರ ಮುಖವನ್ನೂ ನೋಡಿದ. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕೂತ. ಮೈಯೆಲ್ಲ ಬೆವರಿತ್ತು. ಡಾಕ್ಟರು ಹೊರಬಂದು "ಪಾರಾದ್ರು" ಎನ್ನುವವರೆಗೆ ನಾವು ಮೂವರೂ ಅಲುಗಲಿಲ್ಲ.

ಅವ್ವ ಈಗ ಕೆಲವು ತಿಂಗಳು ನನ್ನಲ್ಲಿ, ಕೆಲವು ತಿಂಗಳು ಸಂಗೊಳ್ಳಿಯಲ್ಲಿ ಇರುತ್ತಾಳೆ. ವೈನಿ ಆಟವನ್ನು ತಮ್ಮ ಮೊಬೈಲಿಗೂ ಹಾಕಿಸಿಕೊಂಡಿದ್ದಾರೆ, ನನಗಿಂತ ಎಷ್ಟೋ ಮುಂದೆ ಹೋಗಿದ್ದಾರೆ. ಪಾಲಿನ ದಿನದ ಮಾತನ್ನು ಮಾತ್ರ ನಾವು ಅಣ್ಣತಮ್ಮಂದಿರು ಇವತ್ತಿಗೂ ಎತ್ತಿಲ್ಲ. ಅವ್ವನ ಗುಳಿಗೆ, ಮಳೆ, ಬೆಳೆಯ ಸುದ್ದಿ ಮುಗಿದರೆ ಇಬ್ಬರಿಗೂ ಮಾತು ಸಿಗುವುದಿಲ್ಲ.

ಮೊನ್ನೆ ಭಾನುವಾರ ಸಂಗೊಳ್ಳಿಗೆ ಹೋದಾಗ ಅಣ್ಣ ಮಂಚದ ಮೇಲೆ ಕೂತು ವೈನಿಯ ಮೊಬೈಲನ್ನು ಮಾರುದೂರ ಹಿಡಿದು ನೋಡುತ್ತಿದ್ದ. ನನ್ನನ್ನು ಕಂಡು ಮುಚ್ಚಿಡಲು ಹೋಗಿ, ಆಮೇಲೆ ಬಿಟ್ಟ.

"ಈ ಮೂಟಿ ನೋಡೋ. ಎತ್ತಾಗ ದಬ್ಬಿದ್ರೂ ಸಿಗಬೀಳತೈತಿ."

ಆ ಮೂಟೆಯ ದಾರಿ ನನಗೆ ಚೆನ್ನಾಗಿ ಗೊತ್ತಿತ್ತು.

"ನನಗೂ ತಿಳೀವಲ್ದು ಅಣ್ಣಾ," ಎಂದೆ.

ಅವನು ಮಂಚದ ಮೇಲೆ ಸರಿದು ನನಗೆ ಜಾಗ ಬಿಟ್ಟ. ಬಸ್ಸು ಬರುವವರೆಗೂ ಇಬ್ಬರೂ ಸೇರಿ ತಪ್ಪು ತಪ್ಪು ದಬ್ಬುತ್ತಾ ಕೂತಿದ್ದೆವು.